ಮಾಗಳಿಯ ತಾಣ ಹೇಳದ ಕದಿರಮ್ಮ

ಯಲ್ದೂರಿನ ಕಡೆಯ ಮಾವಿನ ತೋಪುಗಳು ಮುಗಿಯುವಲ್ಲಿ ನೆರಳುಬಂಡೆ ಎಂಬ ಕಲ್ಲುಗುಡ್ಡವೊಂದಿದೆ. ಅದರ ಬುಡದ ಹಳ್ಳಿಯಲ್ಲಿ ಕದಿರಮ್ಮನ ಮನೆ. ವಯಸ್ಸು ಅರವತ್ತಕ್ಕೆ ಎರಡು ಕಡಿಮೆ; ಮೈಕಟ್ಟು ಸಣ್ಣದು; ದನಿ ಮಾತ್ರ ಗುಡ್ಡದ ಆಚೆಗೂ ಕೇಳಿಸುವಂಥದು. ಮಾಗಳಿ ಬೇರನ್ನು ಅಗೆದು ತಂದು, ಉಪ್ಪಿನಕಾಯಿ ಹಾಕುವ ಮನೆಗಳಿಗೆ ಮಾರುವುದು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಆಕೆಯ ಕಸುಬಾಗಿತ್ತು.

ಅದನ್ನು ಕಲಿಸಿದವಳು ಅತ್ತೆ ರಾಮಲಕ್ಷ್ಮಮ್ಮ. ಬಂಡೆಗಳ ಸಂದಿನಲ್ಲಿ ಹಬ್ಬುವ ಈ ಬಳ್ಳಿಯ ಬೇರು ಗೆಣಸಿನಂತೆ ದಪ್ಪ. ಅದರ ಪರಿಮಳ ಕೈಗೆ ಹತ್ತಿದರೆ ಎರಡು ದಿನ ಬಿಡದು. ಆಸೆಗೆ ಬಿದ್ದು ಬುಡಸಮೇತ ಕಿತ್ತರೆ ಆ ಬಳ್ಳಿಯ ಕಥೆ ಅಲ್ಲಿಗೆ ಮುಗಿಯಿತು. ಅತ್ತೆ ಅಗೆಯುವ ಕ್ರಮ ಬೇರೆಯಾಗಿತ್ತು. ಒಂದು ಮಗ್ಗುಲನ್ನು ಮಾತ್ರ ಅಗೆಯಬೇಕು. ಬಂಡೆಯ ಕಡೆಗೆ ಇಳಿದ ತಾಯಿಬೇರಿಗೆ ಹಾರೆ ತಾಕಬಾರದು. ತೆಗೆದ ಮಣ್ಣನ್ನು ತೆಗೆದ ಕೈಯೇ ಮುಚ್ಚಿ ಮೇಲೊಂದು ಕಲ್ಲಿಡಬೇಕು. ಮೂರು ವರ್ಷ ಆ ಬಳ್ಳಿಯ ಹತ್ತಿರ ಸುಳಿಯಬಾರದು. ಅಗೆಯುವ ಮುನ್ನ ಕೈಮುಗಿಯಬೇಕೆಂಬುದೂ ಅದರಲ್ಲಿ ಸೇರಿತ್ತು. ಪತ್ರಪುಷ್ಪಗಳಲ್ಲಿ ಪರಮಾತ್ಮನನ್ನು ಕಾಣುವುದು ನಮಗೆಲ್ಲ ಅಭ್ಯಾಸವಾಗಿಹೋಗಿದೆ; ಮಣ್ಣಿನೊಳಗೆ ಮರೆಯಾಗಿರುವ ಬೇರಿನಲ್ಲಿ ಅವನನ್ನು ಕಂಡು, ಎತ್ತಿದ ಹಾರೆಯನ್ನು ತಡೆದು ಹಿಡಿಯುವುದು ಅದಕ್ಕಿಂತ ಕಷ್ಟದ ಭಕ್ತಿ.

ಐದು ವರ್ಷಗಳ ಹಿಂದೆ, ಶ್ರೀನಿವಾಸಪುರದಲ್ಲಿ ಸಸ್ಯಶಾಸ್ತ್ರ ಕಲಿಸುವ ರಜನಿ, ಪೋಸ್ಟ್‌ಮನ್ ಗಂಗಾಧರ್ ಮತ್ತು ಅವರ ಗೆಳೆಯರು ಏಳೆಂಟು ಜನ, ಭಾನುವಾರಗಳಂದು ಈ ಗುಡ್ಡವನ್ನು ಹತ್ತತೊಡಗಿದರು. ನೆಲದ ಗಿಡಗಳನ್ನು ಗುರುತಿಸಿ ಬರೆದುಕೊಳ್ಳುವುದು, ಬೀಜ ಕೂಡಿಸುವುದು, ಅವುಗಳ ಉಸಿರು ಕಟ್ಟಿಸುವ ಲಂಟಾನದ ಪೊದೆಗಳನ್ನು ಕೀಳುವುದು ಅವರು ತಾವಾಗಿಯೇ ವಹಿಸಿಕೊಂಡ ಕೆಲಸ. ಒಂದು ದಿನ ಗಂಗಾಧರ್ ಒಂದು ಬಳ್ಳಿಯನ್ನು ಹಿಡಿದು, "ಇದೇ ನೋಡಿ ಮಾಗಳಿ" ಎಂದು ಗೆಳೆಯರಿಗೆ ತೋರಿಸುತ್ತಿದ್ದಾಗ ಮೇಲಿನ ಬಂಡೆಯಿಂದ ನಗು ಕೇಳಿಸಿತು. ಹಾರೆ ಊರಿಕೊಂಡು ಕದಿರಮ್ಮ ನಿಂತಿದ್ದಳು.

"ಏನಪ್ಪ, ಕನ್ನಡಕ ಬರೀ ಶೋಕಿಗಾ? ಅದು ಸೊಗದೆ ಬೇರು ಕಣಪ್ಪ. ವಾಸನೆ ಎರಡಕ್ಕೂ ಒಂದೇ ಥರ. ಎಲೆ ನೋಡ್ಬೇಕು. ಮಾಗಳಿ ಎಲೆ ಗುಂಡಗಿರ್ತೈತೆ. ಇದು ನೋಡು, ನಿನ್ನಂಗೆ ಒಣಕಲು."

ರಜನಿ ನಗುತ್ತ, "ನಮಗೂ ಹೇಳಿಕೊಡ್ತೀರಾ ಅಮ್ಮ?" ಎಂದಳು.

"ಹೇಳಿಕೊಟ್ರೆ ಕಲಿಯೋ ಮುಖಾನಾ ಇವು?" ಎಂದಳಾದರೂ ಕದಿರಮ್ಮ ಬಂಡೆಯಿಂದ ಇಳಿದು ಬಂದಳು. ಅಂದಿನಿಂದ ಪ್ರತಿ ಭಾನುವಾರ ಅವರ ಮುಂದೆ ನಡೆದವಳು ಆಕೆ. ರಜನಿ ಶಾಸ್ತ್ರದ ಹೆಸರು ಹೇಳುವಳು. ಕದಿರಮ್ಮ ಕನ್ನಡದ್ದೊಂದು, ತೆಲುಗಿನದೊಂದು ಹೆಸರು ಹೇಳಿ, ಆಡು ಮುಟ್ಟುವುದೋ ಇಲ್ಲವೋ ಎಂಬುದನ್ನೂ ಸೇರಿಸುವಳು.

ಎರಡನೆಯ ವರ್ಷದ ಬೇಸಗೆಯಲ್ಲಿ ಆಕೆ ಅವರನ್ನು ಒಂದು ಕೊರಕಲಿಗೆ ಕರೆದೊಯ್ದಳು. ಅಲ್ಲಿ ಇಪ್ಪತ್ತಮೂರು ಮಾಗಳಿ ಬಳ್ಳಿಗಳು ಹೂ ಬಿಟ್ಟು ನಿಂತಿದ್ದವು. ಗಂಗಾಧರನ ಸಂತೋಷಕ್ಕೆ ಎಣೆಯಿರಲಿಲ್ಲ. ಮನೆಗೆ ಮರಳಿದವನೇ ಫೋಟೋಗಳನ್ನು ತಂಡದ ವಾಟ್ಸಾಪ್ ಗುಂಪಿಗೆ ಹಾಕಿದನು. ಯಾರು ಬೇಕಾದರೂ ಹೋಗಿ ನೋಡಿ ಕಲಿಯಲೆಂದು ಜಾಗದ ಗುರುತನ್ನೂ ಜೊತೆಗೆ ಕಳಿಸಿದನು. ಆ ಗುಂಪಿನಿಂದ ಅದು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಯಿತು. ಒಂಬತ್ತನೆಯ ದಿನ ಕದಿರಮ್ಮ ಅತ್ತ ಹೋದಾಗ ಕೊರಕಲಿನಲ್ಲಿ ಇಪ್ಪತ್ತಮೂರು ಗುಂಡಿಗಳಿದ್ದವು. ಎಲ್ಲಿಯವರೋ ಟೆಂಪೋ ತಂದು, ತಾಯಿಬೇರುಗಳನ್ನೂ ಬಿಡದೆ ತುಂಬಿಕೊಂಡು ಹೋಗಿದ್ದರು.

ಸುದ್ದಿ ತಿಳಿದು ಓಡಿಬಂದ ಗಂಗಾಧರ್ ಆಕೆಯ ಕಾಲಿಗೆ ಬಿದ್ದನು.

"ನನ್ನ ಕಾಲು ಹಿಡಿದ್ರೆ ಏನ್ ಬರ್ತೈತೆ? ಏಳು. ಗುಂಡಿ ಮುಚ್ಚೋಣ ನಡಿ."

ಸಂಜೆಯವರೆಗೂ ಇಬ್ಬರೂ ಮಣ್ಣು ಎಳೆದರು. ಮರುವಾರ ಬಂದ ತಂಡಕ್ಕೆ ಆಕೆಯ ಮನೆಯ ಬಾಗಿಲಲ್ಲೇ ಒಂದು ಮಂಕರಿ ಕಾದಿತ್ತು: ಫೋನುಗಳನ್ನೆಲ್ಲ ಅದರಲ್ಲಿ ಹಾಕಿದವರಿಗೆ ಮಾತ್ರ ಗುಡ್ಡ. ಒಬ್ಬೊಬ್ಬರಾಗಿ ಎಲ್ಲರೂ ಹಾಕಿದರು.

ಗುಡ್ಡದಲ್ಲಿ ಮಾಗಳಿ ಉಳಿದಿದ್ದುದು ಇನ್ನೊಂದೇ ಕಡೆ. ಅತ್ತೆ ತೋರಿಸಿಕೊಟ್ಟಿದ್ದ ಆ ತಾಣ ಕದಿರಮ್ಮನೊಬ್ಬಳಿಗೇ ಗೊತ್ತು. ಬೇರು ಅಗೆಯುವುದನ್ನು ಅಂದೇ ಬಿಟ್ಟು ಆಕೆ ಮಾವಿನ ತೋಪಿನ ಕೂಲಿಗೆ ಹೋಗತೊಡಗಿದಳು. ಕಾಯಿ ಬಿರಿಯುವ ಕಾಲಕ್ಕೆ ರೇಷ್ಮೆಯಂಥ ನಾರು ಹೊತ್ತ ಬೀಜಗಳನ್ನು ಸೆರಗಿನಲ್ಲಿ ಕಟ್ಟಿ ತಂದು ರಜನಿಯ ಕೈಗೆ ಕೊಡುತ್ತಿದ್ದಳು. ಸಸಿ ಮಾಡಿ ಬಂಡೆಗಳ ಸಂದಿನಲ್ಲಿ ಊರುವುದು ತಂಡದ ಪಾಲಿನ ಕೆಲಸವಾಯಿತು. ಬೀಜ ಎಲ್ಲಿಯದೆಂದು ಕೇಳುವ ಧೈರ್ಯ ರಜನಿಗೂ ಇರಲಿಲ್ಲ.

ಕಳೆದ ವರ್ಷ ಆ ಭಾಗದ ಸಸ್ಯಗಳ ಸರ್ಕಾರಿ ದಾಖಲಾತಿ ಪುಸ್ತಕವನ್ನು ಸಿದ್ಧಪಡಿಸುವ ಹೊಣೆ ಈ ತಂಡಕ್ಕೆ ಬಂದಿತು. ಇನ್ನೂರ ಹನ್ನೊಂದು ಗಿಡಗಳು. ಒಂದೊಂದಕ್ಕೂ ಒಂದು ಹಾಳೆ. ಹೆಸರು, ಬಳಕೆ, ಕಾಲ, ಸ್ಥಳ. ಹಳ್ಳಿಯವರ ಎದುರಿನಲ್ಲಿ ಅದನ್ನು ಪರಿಶೀಲಿಸಲು ಬಂದವರು ಅಮರನಾಥ್ ಎಂಬ ಅಧಿಕಾರಿ. ಮಾತಿನಲ್ಲಿ ಸೌಮ್ಯರು, ಕೆಲಸದಲ್ಲಿ ಕಟ್ಟುನಿಟ್ಟು. ಹಾಳೆಗಳನ್ನು ತಿರುವುತ್ತ ಮಾಗಳಿಯ ಹಾಳೆಗೆ ಬಂದಾಗ ಅವರ ಕೈ ನಿಂತಿತು.

"ಸ್ಥಳ ಖಾಲಿ ಬಿಟ್ಟಿದ್ದೀರಲ್ಲ?"

"ಅದು ನಂಗೊಬ್ಬಳಿಗೇ ಗೊತ್ತು ಸ್ವಾಮಿ," ಎಂದಳು ಕದಿರಮ್ಮ. "ಹೇಳಲ್ಲ."

"ನೋಡಿಯಮ್ಮ, ಎಲ್ಲಿದೆ ಅಂತಲೇ ಗೊತ್ತಿಲ್ಲದಿದ್ರೆ ನಾವು ಹೇಗೆ ಕಾಪಾಡೋದು?"

"ಕೊರಕಲಲ್ಲಿದ್ದಿದ್ದು ಊರಿಗೆಲ್ಲ ಗೊತ್ತಾಯ್ತಲ್ಲ, ಒಂಬತ್ ದಿನ ಬದುಕ್ತಾ ಸ್ವಾಮಿ ಅದು?"

ಅಮರನಾಥರು ಹಾಳೆಯನ್ನು ಮೇಜಿನ ಮೇಲಿಟ್ಟು, ಪುಸ್ತಕ ಪೂರ್ಣವಾದರೆ ಕೋಲಾರದಲ್ಲಿ ಆಕೆಗೆ ಸನ್ಮಾನ ಮಾಡಿಸುವ ಯೋಚನೆಯಿದೆಯೆಂದರು. ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಶಾಲು ಹೊದಿಸ್ತಾರಂತೆ ಕದಿರಕ್ಕ, ಹೇಳ್ಬಿಡು!"

"ನಿಂಗೆ ಚಳಿಯಾದ್ರೆ ನೀನೇ ಹೊದ್ಕೊಳೋ!"

ನಗು ತಣಿದ ಮೇಲೆ ಅಧಿಕಾರಿಯ ದನಿ ಬಿಗಿಯಾಯಿತು. ಒಂದು ಅಂಕಣ ಖಾಲಿಯಿದ್ದರೂ ಇಡೀ ಪುಸ್ತಕವನ್ನು ಒಪ್ಪಲಾಗದು, ಹಿಂದಕ್ಕೆ ಕಳಿಸಬೇಕಾಗುತ್ತದೆ ಎಂದರು. ಸಭೆ ರಜನಿಯ ಕಡೆ ನೋಡಿತು. ನಾಲ್ಕು ವರ್ಷಗಳ ಭಾನುವಾರಗಳೆಲ್ಲ ಆ ಪುಸ್ತಕದಲ್ಲಿದ್ದವು. ಆಕೆ ಬಾಯಿ ತೆರೆಯುವಷ್ಟರಲ್ಲಿ ಗಂಗಾಧರ್ ಎದ್ದು ಮೇಜಿನ ಬಳಿಗೆ ಬಂದನು.

"ಸರ್, ಆ ಕೊರಕಲಿನ ಜಾಗ ಬರೆದು ಕಳಿಸಿದ್ದು ನಾನು. ಒಂದೇ ಒಂದು ಸಲ. ಆ ಗುಂಡಿಗಳನ್ನ ಮುಚ್ಚಿದವನೂ ನಾನೇ. ಇನ್ನೊಂದು ಸಲ ಬರೆಯೋಕೆ ಬಿಡಲ್ಲ."

ಹೀಗೆಂದವನು ಪೆನ್ನು ತೆಗೆದು, ಕಳ್ಳರ ಕಣ್ಣು ಬೀಳಬಹುದಾದ ಶ್ರೀಗಂಧವೇ ಮೊದಲಾದ ಆರು ಗಿಡಗಳ ಹಾಳೆಗಳಲ್ಲಿಯೂ ಸ್ಥಳವನ್ನು ಹೊಡೆದುಹಾಕಿದನು. ರಜನಿ ತಡೆಯಲಿಲ್ಲ, ಅವನು ಮರೆತಿದ್ದ ಏಳನೆಯದೊಂದನ್ನು ತಾನೇ ತೆರೆದು ಕೊಟ್ಟಳು.

"ಹಾಗಾದ್ರೆ ಮಾಗಳಿ ಹಾಳೆಯಲ್ಲಿ, ಮಾಹಿತಿ ಕೊಡಲು ನಿರಾಕರಿಸಿದ್ದಾರೆ ಅಂತ ಬರೀಬೇಕಾಗುತ್ತೆ," ಎಂದರು ಅಮರನಾಥ್. "ಯೋಚನೆ ಮಾಡಿ. ನಿಮ್ಮ ಹೆಸರು ಹಾಕಿ ಬರೀಬೇಕಾಗುತ್ತೆ."

"ಬರೀರಿ. ದಪ್ಪಕ್ಷರದಲ್ಲಿ ಬರೀರಿ. ಕೆಳಗೆ ನಾನು ಸೈನ್ ಹಾಕ್ತೀನಿ."

"ಪುಸ್ತಕ ವಾಪಸ್ ಬಂದ್ರೆ ಇವರ ಶ್ರಮ ಏನಾಗಬೇಕು?"

ಕದಿರಮ್ಮ ರಜನಿಯ ಮುಖವನ್ನೊಮ್ಮೆ ನೋಡಿದಳು. "ಪುಸ್ತಕ ಹೋದ್ರೆ ಈ ಹುಡುಗಿ ಇನ್ನೊಂದು ಬರೀತಾಳೆ ಸ್ವಾಮಿ. ಆ ಬಳ್ಳಿ ಹೋದ್ರೆ ನೀವು ಬರ್ಕೊಡ್ತೀರಾ?"

ಅಧಿಕಾರಿ ಹೇಳಿದಂತೆಯೇ ಬರೆದರು. ಕೆಲವೇ ವರ್ಷಗಳ ಕೆಳಗೆ ಸಹಿ ಕಲಿತಿದ್ದ ಕದಿರಮ್ಮ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಅಕ್ಷರಕ್ಕೊಮ್ಮೆ ನಿಂತು, ತನ್ನ ಹೆಸರನ್ನು ಅಂಕಣದ ಗೆರೆಗಳ ಹೊರಕ್ಕೂ ಹಾಯಿಸಿ ಬರೆದಳು.

ಪುಸ್ತಕ ನಾಲ್ಕು ತಿಂಗಳಿಗೆ ಮೇಲಿನ ಕಚೇರಿಯಿಂದ ಹಿಂದಕ್ಕೆ ಬಂದಿತು. ಖಾಲಿ ಅಂಕಣಗಳನ್ನು ತುಂಬಿ ಕಳಿಸಬೇಕೆಂದು ಕೆಂಪು ಶಾಯಿಯಲ್ಲಿ ಬರೆದಿತ್ತು. ರಜನಿ ಅದನ್ನು ಹಳ್ಳಿಗೆ ತಂದು ಓದಿ ಹೇಳಿದಳು. ಕದಿರಮ್ಮ ಜಗಲಿಯಲ್ಲಿ ಕುಳಿತೇ ಪುಸ್ತಕಕ್ಕೆ ಕೈ ಚಾಚಿದಳು. ನಿರಾಕರಣೆಯ ಹಳೆಯ ವಾಕ್ಯದ ಕೆಳಗೆ ಅದೇ ವಾಕ್ಯವನ್ನು ರಜನಿಯಿಂದ ಮತ್ತೊಮ್ಮೆ ಬರೆಸಿ, ಮತ್ತೊಮ್ಮೆ ಸಹಿ ಮಾಡಿದಳು.

"ಮತ್ತೆ ವಾಪಸ್ ಕಳಿಸಿದ್ರೆ ಏನಮ್ಮ ಮಾಡೋದು?" ಎಂದಳು ರಜನಿ.

"ಎಷ್ಟು ಸಲ ಕಳಿಸ್ತಾರೋ ಕಳಿಸ್ಲಿ ಕಣಮ್ಮ. ನೋಡು, ಸೈನು ಹೋದ ಸಲಕ್ಕಿಂತ ಈ ಸಲ ಚೆಂದಾಗಿ ಬಂದೈತೆ."