ಬಟ್ಟಲಿನಷ್ಟು ಮಾತು

ನವಸಾಗರದ ಹೊಗೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಯಾರೋ ವಾದ ಮಾಡುತ್ತಿರುವುದು ಕೇಳಿಸುತ್ತದೆ. ಚಿತ್ರದುರ್ಗದಲ್ಲಿ ನಮ್ಮ ಮನೆಯ ಜಗಲಿಯೇ ದಾದಾ ಅವರ, ಅಂದರೆ ನನ್ನ ಅಪ್ಪನ ಅಪ್ಪನ, ಕಲಾಯಿ ಅಂಗಡಿ. ಕಾದ ಪಾತ್ರೆಗೆ ನವಸಾಗರ ಉದುರಿಸಿ, ತವರ ಸವರಿ, ಅರಳೆಯಿಂದ ಒಂದು ಸುತ್ತು ಒರೆಸಿದರೆ ಒಳಗೆಲ್ಲ ಬೆಳ್ಳಿಯ ಹೊಳಪು. ಕಾಯುತ್ತ ಕುಳಿತವರು ನನ್ನಿಂದ ಪತ್ರಿಕೆ ಓದಿಸಿಕೊಂಡು ಚರ್ಚೆಗೆ ಬೀಳುತ್ತಿದ್ದರು. ಅದಕ್ಕೂ ಹಿಂದೆ ಬೀದಿಯ ವಿಷಯವೆಲ್ಲ ಎರಡು ಮೂರು ದೊಡ್ಡ ಮನೆಗಳ ಪಡಸಾಲೆಯಲ್ಲೇ ತೀರ್ಮಾನವಾಗುತ್ತಿತ್ತಂತೆ. ನಮ್ಮ ಜಗಲಿಯಲ್ಲಿ ಯಾರು ಬೇಕಾದರೂ ಬಾಯಿ ತೆರೆಯಬಹುದಿತ್ತು. ಎಲ್ಲರೂ ಒಟ್ಟಿಗೇ ತೆರೆದು ತಲೆಚಿಟ್ಟು ಹಿಡಿಸಿದಾಗ ದಾದಾ ಒಂದು ಕಟ್ಟಳೆ ಮಾಡಿದರು: ಯಾರ ಪಾತ್ರೆ ಬೆಂಕಿಯ ಮೇಲಿದೆಯೋ ಅವರದಷ್ಟೇ ಮಾತು, ಪಾತ್ರೆ ಇಳಿದರೆ ಮಾತು ಮುಗಿಯಿತು. ಎಂಥ ನ್ಯಾಯವೆಂದು ನಾನು ಬೀಗುತ್ತಿದ್ದೆ. ದೊಡ್ಡ ಪಾತ್ರೆಯವರಿಗೆ ದೊಡ್ಡ ಮಾತು ಸಿಗುತ್ತದೆಂಬುದು ನನಗಿರಲಿ, ದಾದಾಗೂ ಹೊಳೆದಿರಲಿಲ್ಲ.

ಬೀದಿಗೆ ಒಂದೇ ಒಂದು ನಲ್ಲಿ ಮಂಜೂರಾದಾಗ ಅದು ಬಯಲಾಯಿತು. ಎಲ್ಲಿ ಹಾಕಬೇಕೆಂದು ಬೀದಿಯವರೇ ಸೇರಿ ಬರೆದುಕೊಡಬೇಕಿತ್ತು. ಮಂಡಿ ಸಾಹುಕಾರರು ಮದುವೆ ಅಡುಗೆಯ ಕೊಳಗ ತಂದಿಟ್ಟು, ಅದು ಕಾದು ಇಳಿಯುವ ತನಕ, ನಲ್ಲಿ ತಮ್ಮ ಮನೆಯ ಮುಂದೆಯೇ ಏಕಿರಬೇಕೆಂದು ವಿವರಿಸಿದರು. ಎಲ್ಲರೂ ತಲೆದೂಗಿದರು. ಆಮೇಲೆ ಬೀದಿಯ ಕೊನೆಯ ಇಳಿಜಾರಿನ ಕೆಳಗಿನ ಕೇರಿಯಿಂದ ಬಂದ, ಕುರಿ ಸಾಕುವ ಮನೆಯ ಸಿದ್ದಕ್ಕ, ಅಂಗೈಯಗಲದ ಹಿತ್ತಾಳೆ ಬಟ್ಟಲನ್ನು ಮುಂದಿಟ್ಟಳು. “ನಮ್ ಕೇರ್ಯಾಗೆ ಬಸುರಿ ಹೆಂಗಸ್ರೂ ಕೊಡ ಹೊತ್ಕಂಡು ಈ ದಿಣ್ಣೆ ಹತ್ತಬೇಕು ಸಾಬ್ರೆ...” ಅನ್ನುವಷ್ಟರಲ್ಲಿ ತವರ ಕರಗಿ ಮಿನುಗಿತು. “ಆತಲ್ಲ, ಇಳಿಸ್ರಿ,” ಎಂದು ಸಾಹುಕಾರರು ಎದ್ದೇಬಿಟ್ಟರು. ದಾದಾ ಇಳಿಸಲಿಲ್ಲ. ಇಕ್ಕಳದಲ್ಲಿ ಹಿಡಿದ ಬಟ್ಟಲನ್ನು ಬೆಂಕಿಯ ಮೇಲೆಯೇ ತಿರುಗಿಸುತ್ತ ಕುಳಿತರು. ತವರ ಹಳದಿಗೆ ತಿರುಗಿದ್ದು ಕಂಡು, “ದಾದಾ, ಕಲಾಯಿ ಸುಡ್ತೈತೆ!” ಎಂದು ನಾನು ಕೂಗಿಬಿಟ್ಟೆ. ನನ್ನ ಜಾಣತನಕ್ಕೆ ಬೆಂಕಿ ಬೀಳಲಿ! ದಾದಾ ನನ್ನ ಕಡೆ ತಿರುಗಿಯೂ ನೋಡದೆ, “ಇನ್ನೂ ಆಗಿಲ್ಲ. ನೀ ಹೇಳಮ್ಮ ಸಿದ್ದಕ್ಕ,” ಎಂದರು. ಒಂದು ಚುಕ್ಕೆ ಕಲೆ ಉಳಿದರೂ ಅನ್ನ ಸೇರದ ಮನುಷ್ಯ, ಅವಳ ಮಾತು ಮುಗಿಯುವ ತನಕ ತಮ್ಮ ಕೆಲಸವನ್ನು ತಾವೇ ಸುಟ್ಟರು. ಸಾಹುಕಾರರಿಗೆ ತಲೆದೂಗಿದ್ದವರೇ ಮನಸ್ಸು ಬದಲಿಸಿ ಬರೆದುಕೊಟ್ಟರು, ನಲ್ಲಿ ಕೆಳಗಿನ ಕೇರಿಗೆ ಹೋಯಿತು. ಬಟ್ಟಲನ್ನು ಉಜ್ಜಿ ಮತ್ತೆ ಕಲಾಯಿ ಹಾಕಿ ಕೊಟ್ಟರು. ಕಟ್ಟಳೆಯ ಸುದ್ದಿ ಮಾತ್ರ ಮತ್ತೆ ಎತ್ತಲಿಲ್ಲ.

ಆಮೇಲೆ ಸ್ಟೀಲ್ ಬಂತು, ಕಾಯುವವರು ಇಲ್ಲವಾದರು, ದಾದಾ ಹೋದರು, ರಸ್ತೆ ಅಗಲವಾಗಿ ಜಗಲಿಯೂ ಹೋಯಿತು. ನಿಮ್ಮ ಬೀದಿಯಲ್ಲೂ ಅಂಥದೊಂದು ಜಗಲಿ ಇದ್ದಿರಬೇಕು. ಈಗಿನ ಚರ್ಚೆಯೆಲ್ಲ ಮೊಬೈಲ್ ಗ್ರೂಪಿನಲ್ಲಿ. ನಾನೂ ಅಲ್ಲಿ ಗಟ್ಟಿಯಾಗಿಯೇ ವಾದಿಸುತ್ತೇನೆ. ಯಾರ ಮಾತಿಗೂ ಮಿತಿಯಿಲ್ಲ. ಕೇಳುವುದಕ್ಕಾಗಿ ತಮ್ಮ ಕೆಲಸ ಕೆಡಿಸಿಕೊಳ್ಳುವವರನ್ನು ಮಾತ್ರ ಇನ್ನೂ ಹುಡುಕುತ್ತಿದ್ದೇನೆ. ಸಿಗುತ್ತಾರೆ, ನನಗೆ ನಂಬಿಕೆಯಿದೆ. ದುರ್ಗಕ್ಕೆ ಹೋದಾಗಲೆಲ್ಲ ಕೆಳಗಿನ ಕೇರಿಗಿಳಿದು ಆ ನಲ್ಲಿಯನ್ನೊಮ್ಮೆ ತಿರುಗಿಸುತ್ತೇನೆ. ದಾದಾ ಕೈಯಾರೆ ಕೆಡಿಸಿದ ಒಂದೇ ಒಂದು ಕೆಲಸ ಇನ್ನೂ ನೀರು ಕೊಡುತ್ತಿದೆ.