ಗಾರ್ಡಮ್ಮನ ಎಟ್ಟಿ

ಗಾರ್ಡಮ್ಮ ಕೈಬೆರಳುಗಳ ಉಗುರನ್ನೆಲ್ಲ ಬುಡಮಟ್ಟ ಕತ್ತರಿಸಿರುತ್ತಿದ್ದರು. ಬಲಗೈ ಹೆಬ್ಬೆರಳಿನದು ಮಾತ್ರ ಉದ್ದ. ಅಂದಕ್ಕಲ್ಲ, ಸಿಗಡಿಗೆ. ತಲೆ ಮುರಿದು, ಚಿಪ್ಪು ಸುಲಿದು, ಆ ಉಗುರಿನಿಂದ ಬೆನ್ನು ಗೀರಿ ಕಪ್ಪು ನರ ಎಳೆದು ಬಿಸಾಡುವುದು ಅವರಿಗೆ ಹೂ ಬಿಡಿಸಿದಷ್ಟು ಸಲೀಸು. ನಾನು ಒಂದನ್ನು ಹಿಡಿದು ಒದ್ದಾಡುವಷ್ಟರಲ್ಲಿ ಅವರ ಬಟ್ಟಲು ತುಂಬಿರುತ್ತಿತ್ತು.

ಎಂಬತ್ತರ ದಶಕದ ಶುರುವಿನಲ್ಲಿ ನಾನು ಅವಿನಾಶಿ ಕಡೆಯ ತೋಟದ ಮನೆಯಿಂದ ಮದುವೆಯಾಗಿ ಕೊಯಮತ್ತೂರಿನ ಪಕ್ಕದ ಪೋತ್ತನೂರಿನ ರೈಲ್ವೆ ಕ್ವಾರ್ಟರ್ಸಿಗೆ ಬಂದೆ. ಗಂಡನಿಗೆ ವರ್ಕ್‌ಶಾಪಿನಲ್ಲಿ ಕೆಲಸ, ಮನೆಯಲ್ಲಿ ಅತ್ತೆ. ಪಕ್ಕದ ಮನೆಯವರು ಗೂಡ್ಸ್ ಗಾಡಿಯ ಗಾರ್ಡು. ಅವರ ಹೆಂಡತಿ ಇಡೀ ಸಾಲಿಗೆ ಗಾರ್ಡಮ್ಮ. ಮಂಗಳೂರಿನವರು. ಅವರೂ ಕನ್ನಡ ಆಡುತ್ತಿದ್ದರು, ನಾವೂ ಕನ್ನಡ ಆಡುತ್ತಿದ್ದೆವು, ಆದರೆ ನಮ್ಮದು ತಮಿಳಿನಲ್ಲಿ ನೆಂದದ್ದು, ಅವರದು ತುಳುವಿನಲ್ಲಿ ನೆಂದದ್ದು. “ಆ ಅಮ್ಮಾ ಆಡೋದು ಕನ್ನಡಾನೇ ಇಲ್ಲೆ, ನಂಗೆ ಅರ್ಧ ಪುರಿಯಾದು, ತಿಳಿಯೋದೇ ಇಲ್ಲೆ” ಎಂದು ಅತ್ತೆ ಮೂಗು ಮುರಿಯುತ್ತಿದ್ದರು. ಗಾರ್ಡಮ್ಮ ನಗುತ್ತಿದ್ದರು: “ನಿನ್ನ ಅತ್ತೆ ಬೈದ್ರೂ ರಾಗ ಎಳೆದ ಹಾಗೆ ಕೇಳ್ತದೆ ಮಾರಾಯ್ತಿ. ಚಂದ ಉಂಟು.”

ಹೌದು, ಬೈಗುಳದ ಮಟ್ಟಿಗೆ ನಮ್ಮ ಮನೆಯಲ್ಲಿ ಬರಗಾಲವಿರಲಿಲ್ಲ. ಕಾರಣ ನನ್ನ ನೌಕರಿ. ಮದುವೆಗೆ ಮೊದಲೇ ನಾನು ಕೊಯಮತ್ತೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಒಂದೂರಿಗೂ ಇನ್ನೊಂದೂರಿಗೂ ಮಾತು ಕಟ್ಟಿಕೊಡುವ ಆ ಕೆಲಸ ನನಗೆ ಪ್ರಾಣ. ಆದರೆ ಡ್ಯೂಟಿ ಮುಗಿಸಿ, ಬಸ್ಸಿನಲ್ಲಿ ನೇತಾಡಿ ಮನೆ ಸೇರುವ ಹೊತ್ತಿಗೆ ಅತ್ತೆ ಬಾಗಿಲಲ್ಲೇ ಕೂತಿರುತ್ತಿದ್ದರು. “ಪೊಳುದು ಮುಳುಗಿ ಎಷ್ಟೊತ್ತಾಯ್ತು? ಅಡುಪು ಹಚ್ಚಿಲ್ಲ, ಮಗ ಹಸಕೊಂಡು ಬತ್ತಾನೆ. ಆಡಿ ಮಾಸ ಮುಗೀಲಿ, ಈ ಫೋನು ವೇಲೆ ಬುಟ್ಬುಡು.” ಆಡಿ ಎಂದರೆ ತಮಿಳರ ಆಷಾಢ. ಗಂಡ ನೆಲ ನೋಡುತ್ತಿದ್ದರು. ಒಳ್ಳೆಯವರೇ, ಆದರೆ ಅಮ್ಮನ ಮುಂದೆ ಅವರ ಬಾಯಿಗೆ ಬೀಗ.

ಒಂದು ಸಂಜೆ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಅಳುತ್ತಿದ್ದೆ. ಗೋಡೆಯಾಚೆಯಿಂದ ಗಾರ್ಡಮ್ಮನ ತಲೆ ಎದ್ದಿತು.

“ಎಂತ, ಅಳುದಾ? ಅಳ್ಲಿಕ್ಕೆ ಎಷ್ಟು ಹೊತ್ತು ಬೇಕು ನಿಂಗೆ?”

“ಗೊತ್ತಿಲ್ಲ” ಎಂದೆ.

“ಅಷ್ಟರಲ್ಲಿ ನಾನು ಅಡುಗೆ ಮುಗಿಸ್ತೇನೆ. ಬಾ ಇಲ್ಲಿ.”

ಅವರ ಅಡುಗೆಯ ಅವಸರ ಕಾಲ್ ಬಾಯ್ ಕಲಿಸಿದ್ದು. ಗಾಡಿ ಹೊರಡುವ ಮುಂಚೆ ಗಾರ್ಡನ್ನು ಮನೆಗೆ ಬಂದು ಕರೆಯುವವನನ್ನು ರೈಲ್ವೆಯಲ್ಲಿ ಹಾಗೆನ್ನುತ್ತಾರೆ. ನಮ್ಮ ಸಾಲಿನ ಕಾಲ್ ಬಾಯ್‌ಗೆ ಬಿಳಿ ಮೀಸೆ, ಮೊಮ್ಮಕ್ಕಳು ಬೇರೆ! ಆತ ಸೈಕಲ್ ಬೆಲ್ ಬಾರಿಸಿದನೆಂದರೆ ಗಾರ್ಡು ಪೆಟ್ಟಿಗೆ ಎತ್ತಲೇಬೇಕು. ಅಷ್ಟರೊಳಗೆ ಬಿಸಿ ಊಟ ಗಂಡನ ಹೊಟ್ಟೆ ಸೇರಬೇಕು. ಅದಕ್ಕೇ ಗಾರ್ಡಮ್ಮನದು ಒಂದೇ ಕಾವಲಿಯ ಅಡುಗೆ. ದೋಸೆಕಲ್ಲಿಗಿಂತ ತುಸು ತಗ್ಗಾದ, ದಪ್ಪ ಕಬ್ಬಿಣದ ಕಾವಲಿ. ಒಂದು ಒಲೆಯಲ್ಲಿ ಅನ್ನ ಕುದಿಯುತ್ತಿರುವಾಗ ಇನ್ನೊಂದರಲ್ಲಿ ಕಾವಲಿ ಹೊಗೆಯಾಡುವಷ್ಟು ಕಾಯಬೇಕು. ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಸಣ್ಣ ಈರುಳ್ಳಿ. ಆಮೇಲೆ ಊಟಿಯ ಕ್ಯಾರೆಟ್ಟು, ಬೀನ್ಸು, ದಪ್ಪ ಮೆಣಸಿನಕಾಯಿ, ಎಲ್ಲ ಬೆರಳುದ್ದ ಸೀಳಿದ್ದು. ಅವನ್ನು ಅಂಚಿಗೆ ಸರಿಸಿ, ನಡುವೆ ಅರಿಶಿನ, ಉಪ್ಪು, ಕರಿಮೆಣಸಿನ ಪುಡಿ ಸವರಿದ ಸಿಗಡಿ ಹರಡಿ, ಮಗುಚಿ, ಎಲ್ಲ ಕಲೆಸಿ, ನಿಂಬೆ ಹಿಂಡಿ ಇಳಿಸಿದರೆ ಮುಗಿಯಿತು.

“ಸಿಗಡಿ ಕುಡುಗೋಲಾದ್ರೆ ಇಳಿಸು, ಬಳೆಯಾದ್ರೆ ಬಿಸಾಡು” ಎನ್ನುತ್ತಿದ್ದರು. ಅರ್ಧ ಬಾಗಿದರೆ ಬೆಂದಿದೆ, ಪೂರ್ತಿ ಸುತ್ತಿಕೊಂಡರೆ ರಬ್ಬರು. ನಾನು ಮಾತಿಗೆ ನಿಂತರೆ ಸೌಟಿನಿಂದ ಕಾವಲಿ ಕುಟ್ಟುತ್ತಿದ್ದರು: “ರೈಲು ಬೇಕಾದ್ರೆ ಕಾಯ್ತದೆ, ಸಿಗಡಿ ಕಾಯುದಿಲ್ಲ.”

ಅವರ ಮನೆಯಲ್ಲಿ ಕೆಲವು ಸಂಜೆ ಮಾಡಿ ಕೈ ಕುದುರಿತು. ನಾಳೆ ನಿಮ್ಮ ಮನೆಯಲ್ಲೇ ಮಾಡು ಎಂದು ಗಾರ್ಡಮ್ಮ ಅಪ್ಪಣೆ ಕೊಟ್ಟರು. ಸಮುದ್ರದ ಕಡೆಯ ಗಾಡಿಯಿಂದ ಅವರ ಗಂಡ ಐಸು ಹಾಕಿದ ಬುಟ್ಟಿ ತರುವವರಿದ್ದರು. ಹಿತ್ತಲ ಗೋಡೆಯ ಬಳಿ ನಿಂತು, ತಮ್ಮ ಮಟ್ಟಿಗೆ ಪಿಸುದನಿಯಲ್ಲಿ, ಅಂದರೆ ಸ್ಟೇಷನ್ನಿಗೆ ಕೇಳುವಂತೆ ಹೇಳಿದರು: “ಗುಟ್ಟಾಗಿರಲಿ. ನಿನ್ನ ಅತ್ತೆಗೆ ಎಟ್ಟಿ ಹಾಕು. ಹತ್ತು ನಿಮಿಷ ಸಾಕು, ಬಾಯಿ ಮುಚ್ಚಿ ಹೋಗ್ತದೆ. ಮತ್ತೆ ನಿನ್ನ ಕೆಲಸದ ಸುದ್ದಿ ಎತ್ತುದಿಲ್ಲ.”

ಗೋಡೆಯ ಈಚೆ ಬದಿ ಕರಿಬೇವಿನ ಗಿಡದ ಹಿಂದೆ ಅತ್ತೆ ಇದ್ದದ್ದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಮರುದಿನ ಬುಧವಾರ. ಡ್ಯೂಟಿಯಿಂದ ಬಂದವಳೇ ಸೆರಗು ಸಿಕ್ಕಿಸಿ ಒಲೆ ಹಚ್ಚಿದೆ. ಅತ್ತೆ ಮೂಲೆಯಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು. ಸಿಗಡಿ ಕುಡುಗೋಲಾಯಿತು, ಇಳಿಸಿದೆ. ಅನ್ನ, ಸಿಗಡಿ ಬಡಿಸಿ ತಟ್ಟೆ ಇಟ್ಟರೆ ಅತ್ತೆ ಗೋಡೆಗೊರಗಿದರು. “ನಂಗೆ ಸಾಪಾಡು ಬ್ಯಾಡ.” ಅಷ್ಟರಲ್ಲಿ ಮಗ ತುತ್ತು ಬಾಯಿಗಿಟ್ಟದ್ದು ಕಂಡು ಕಿರುಚಿದರು: “ಕಣ್ಣೂ, ನುಂಗಬ್ಯಾಡ! ಎಟ್ಟಿ ಹಾಕವ್ಳೆ! ನನ್ನ ಕಿವಿಯಾರೆ ಕೇಳಿದ್ದೀನಿ!”

ಮಂಗಳೂರಿನ ತುಳುವಿನಲ್ಲಿ ಎಟ್ಟಿ ಎಂದರೆ ಸಿಗಡಿ. ನಮ್ಮ ಕಡೆಯ ತಮಿಳಿನಲ್ಲಿ ಎಟ್ಟಿ ಎಂದರೆ ವಿಷದ ಕಾಯಿ ಬಿಡುವ ಮರ! ಅದು ನನಗೆ ಹೊಳೆಯಿತು, ಆದರೆ ಅತ್ತೆಯ ಕಿರುಚಾಟದಲ್ಲಿ ನನ್ನ ಮಾತು ಯಾರಿಗೆ ಕೇಳಬೇಕು? ಗಂಡ ಪಾಪ, ನುಂಗುವುದೋ ಉಗುಳುವುದೋ ತಿಳಿಯದೆ ಕೆನ್ನೆ ಉಬ್ಬಿಸಿಕೊಂಡು ಕೂತಿದ್ದರು. ಇನ್ನು ನೌಕರಿಯ ಮಾತಿರಲಿ, ತವರಿಗೆ ಬಸ್ಸು ಯಾವಾಗ ಎಂದು ಯೋಚಿಸುವ ಹಾಗಾಯಿತು.

ಕೂಗು ಕೇಳಿ ಗಾರ್ಡಮ್ಮ ಓಡಿ ಬಂದರು. ಅತ್ತೆಯ ಆರೋಪ ಪೂರ್ತಿ ಕೇಳಿಸಿಕೊಂಡು, ನಗು ತಡೆಯಲಾರದೆ ನೆಲದ ಮೇಲೆ ಕೂತೇಬಿಟ್ಟರು. ಅತ್ತೆಯ ತಟ್ಟೆಯಿಂದ ಒಂದು ಸಿಗಡಿ ತೆಗೆದು, ಎಂಜಲಾಗದಂತೆ ಎತ್ತಿ ಬಾಯಿಗೆ ಹಾಕಿಕೊಂಡರು. ಇನ್ನೊಂದು. ಮತ್ತೊಂದು. “ಉಪ್ಪು ಸರಿ ಉಂಟು. ಕ್ಯಾರೆಟ್ ಸ್ವಲ್ಪ ಹಸಿ. ಎಟ್ಟಿ ಅಂದ್ರೆ ಇದೇ ಅಮ್ಮ, ಸಮುದ್ರದ್ದು. ನಿಮ್ಮ ಇರಾಲು! ನಾನು ಸಾಯುವವರೆಗೆ ಕಾಯ್ತೀರಾ, ಅಲ್ಲ ಬಿಸಿ ಇರುವಾಗ ತಿಂತೀರಾ?”

ಗಂಡ ನುಂಗಿದರು.

ಅತ್ತೆ ತಟ್ಟೆ ನೋಡುತ್ತ ಸಣ್ಣ ದನಿಯಲ್ಲಿ ಕೇಳಿದರು: “ವಿಷ ಹಾಕ್ತಾಳೆ ಅಂದ ತಕ್ಷಣ ನಂಬ್ಬುಟ್ಟೆ ನೋಡು. ಅಷ್ಟೊಂದು ಕಾಟ ಕೊಟ್ಟಿದ್ದೀನಾ ನಾನು ಈ ಹುಡುಗಿಗೆ?”

“ಅಷ್ಟೇನಿಲ್ಲ. ಸ್ವಲ್ಪ” ಎಂದು ಗಾರ್ಡಮ್ಮ ನಾಲ್ಕನೆಯದಕ್ಕೆ ಕೈ ಹಾಕಿದರು. ಅತ್ತೆ ತಟಕ್ಕನೆ ತಟ್ಟೆ ಎಳೆದುಕೊಂಡರು. “ಪೂರಾ ನೀನೇ ತಿಂದ್ಬುಡ್ತೀಯಾ?”

ಬೆಳಿಗ್ಗೆ ನಾನು ಹೊರಟಾಗ ಅತ್ತೆ ಬಾಗಿಲಿಗೆ ಬಂದರು. “ಮೆಲ್ಲ ಬಾ. ಕಾಯ್‌ಕರಿ ನಾನು ಹೆಚ್ಚಿಟ್ಟಿರ್ತೀನಿ.” ಆಡಿ ಮಾಸ ಮುಗಿದರೂ ನೌಕರಿ ಬಿಡುವ ಮಾತು ಬರಲಿಲ್ಲ, ಆಮೇಲೆಯೂ ಬರಲಿಲ್ಲ. ಅವರಿಬ್ಬರೂ ಎಷ್ಟು ಗಳಸ್ಯಕಂಠಸ್ಯ ಆದರೆಂದರೆ, ಕೆಲವು ಸಂಜೆ ನಾನು ಬರುವಷ್ಟರಲ್ಲಿ ಇಬ್ಬರೂ ಉಂಡು ಎಲೆಯಡಿಕೆ ಹಾಕಿಕೊಂಡಿರುತ್ತಿದ್ದರು!

ದಶಕದ ಕೊನೆಗೆ ಗಾರ್ಡಿಗೆ ವರ್ಗವಾಗಿ ಅವರು ಮಂಗಳೂರಿಗೆ ಹೋದರು. ಹೋಗುವಾಗ ಕಾವಲಿ ನನಗೆ ಕೊಟ್ಟರು. ಅಲ್ಲಿನ ಎಕ್ಸ್‌ಚೇಂಜಿನ ಆಪರೇಟರ್ ಒಬ್ಬಳು ಅವರ ಬೀದಿಯವಳೇ. ಲೈನು ಬಿಡುವಾದಾಗ “ಗಾರ್ಡಮ್ಮ ಹೇಗಿದ್ದಾರೆ?” ಎಂದು ಕೇಳುವುದು ನನ್ನ ರೂಢಿ. ಒಂದು ಮಧ್ಯಾಹ್ನ ನಾನು ಕೇಳುವ ಮೊದಲೇ ಅವಳು ಹೇಳಿದಳು, “ನಿನ್ನೆ ಹೋದ್ರು. ಜ್ವರ ಅಂತ ಮಲಗಿದ್ರು, ಏಳ್ಲಿಲ್ಲ.” ಆ ಹೆಡ್‌ಫೋನನ್ನು ನನ್ನ ಕಿವಿಗೆ ಉಳಿಸಿಕೊಟ್ಟವರ ಸುದ್ದಿ ಅದರಲ್ಲೇ ಬಂತು.

ಸಂಜೆ ಮನೆಗೆ ಬಂದು ಹೇಳಿದೆ. ಅನ್ನ, ಸಾರು ಬಡಿಸಿ ತಟ್ಟೆ ಮುಂದಿಟ್ಟರೆ ಅತ್ತೆ ಗೋಡೆಗೊರಗಿದರು. “ನಂಗೆ ಸಾಪಾಡು ಬ್ಯಾಡ ಅಮ್ಮಿ.” ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಎರಡೇ ಸಲ, ಎರಡೂ ಸಲ ಗಾರ್ಡಮ್ಮನ ದೆಸೆಯಿಂದ. ಮೊದಲ ಸಲ ಓಡಿ ಬಂದವರು ಈ ಸಲ ಬರುವಂತಿರಲಿಲ್ಲ. ನಾನೇ ಅತ್ತೆಯ ಮುಂದೆ ನೆಲದ ಮೇಲೆ ಕೂತು, ಅವರ ತಟ್ಟೆಯಿಂದ ಒಂದು ತುತ್ತು ತೆಗೆದು, ಎಂಜಲಾಗದಂತೆ ಎತ್ತಿ ಬಾಯಿಗೆ ಹಾಕಿಕೊಂಡೆ.

“ಉಪ್ಪು ಸರಿ ಉಂಟು” ಎಂದೆ. ಅತ್ತೆ ಕಣ್ಣೊರೆಸಿಕೊಂಡು ತಟ್ಟೆ ಎಳೆದುಕೊಂಡರು.