ಬದುಕಿದ್ದವಳಿಗೆ ಎಳ್ಳುನೀರು

ಹೊಳೆನರಸೀಪುರದ ವಸಿಷ್ಠನಿಗೆ ದೆವ್ವದ ಕಾಟವಿತ್ತು. ಸತ್ತವರ ದೆವ್ವವಾಗಿದ್ದರೆ ಬಿಡಿಸುವ ಮಂತ್ರ ಮನೆಯಲ್ಲೇ ಇತ್ತು. ಅವನಪ್ಪ ಊರಿಗೆಲ್ಲ ತಿಥಿ ಮಾಡಿಸುವ ಪುರೋಹಿತರು. ಆದರೆ ಇವನನ್ನು ಕಾಡುತ್ತಿದ್ದವಳು ಬದುಕಿದ್ದಳು. ಅದಕ್ಕೆ ಯಾವ ಮಂತ್ರ?

ಅವಳು ಅಕ್ಕ ಶ್ರೀಗೌರಿ. ತೊಂಬತ್ತೆರಡನೇ ಇಸವಿಯಲ್ಲಿ, ಮೈಸೂರಿಗೆ ಓದಲು ಬಂದಿದ್ದ ಇರಾನಿನ ಹುಡುಗನನ್ನು ರಿಜಿಸ್ಟರ್ ಮದುವೆಯಾಗಿ ಅವನ ದೇಶಕ್ಕೆ ಹೋಗಿಬಿಟ್ಟಳು. ಅಪ್ಪ ಕೂಗಾಡಲಿಲ್ಲ. ಹೊಳೆಗಿಳಿದು ಮಗಳ ಹೆಸರಿಗೆ ಎಳ್ಳುನೀರು ಬಿಟ್ಟು, ಪಿಂಡ ಇಟ್ಟರು. ದರ್ಭೆ ಹಿಡಿದು ಪಕ್ಕದಲ್ಲಿ ಕೂತಿದ್ದವನು ವಸಿಷ್ಠ. ಎಷ್ಟು ಹೊತ್ತಾದರೂ ಒಂದು ಕಾಗೆಯೂ ಬರಲಿಲ್ಲ.

"ಅವಳ ಆಸೆ ತೀರಿಲ್ಲ," ಅಂದರು ಅಪ್ಪ.

ಸಾಯದವಳ ಆಸೆ ತೀರುವುದಾದರೂ ಹೇಗೆ? ಕಾಗೆಗಿದ್ದ ಬುದ್ಧಿ ಪುರೋಹಿತರಿಗಿರಲಿಲ್ಲ. ಆಮೇಲೆ ಅವಳಿಂದ ಬಂದ ಕಾಗದಗಳನ್ನು ಒಡೆಯದೆ ಪೋಸ್ಟ್‌ಮ್ಯಾನ್ ಕೈಗೇ ವಾಪಸು ಕೊಟ್ಟರು. ಕ್ರಮೇಣ ಕಾಗದವೂ ನಿಂತಿತು. ಅಮ್ಮ ಕಾಮಾಕ್ಷಮ್ಮ ಮಗಳ ಹೆಸರೆತ್ತುವುದನ್ನೇ ಬಿಟ್ಟರು. ಹಬ್ಬದಲ್ಲಿ ಮಾತ್ರ ಒಂದು ಒಬ್ಬಟ್ಟು ಹೆಚ್ಚಿಗೆ ತಟ್ಟಿ, ಯಾರಾದರೂ ಕೇಳುವ ಮುಂಚೆಯೇ ಹಸುವಿಗೆ ಹಾಕಿಬಿಡುತ್ತಿದ್ದರು.

ಅಪ್ಪ ಹೋದ ಮೇಲೆ ಮಹಾಲಯ ಅಮಾವಾಸ್ಯೆಯ ತರ್ಪಣ ವಸಿಷ್ಠನ ಪಾಲಿಗೆ ಬಂತು. ಸತ್ತವರ ಸಾಲಿನಲ್ಲಿ ಅಕ್ಕನ ಹೆಸರನ್ನೂ ಹೇಳಬೇಕು. ಚಿಕ್ಕಂದಿನಲ್ಲಿ ಹೊಳೆಯಲ್ಲಿ ಮೀಯುವಾಗ ಅವನು ಸೆಳವಿಗೆ ಸಿಕ್ಕದ ಹಾಗೆ ಮುಂಗೈ ಹಿಡಿದು ನಿಲ್ಲುತ್ತಿದ್ದವಳು ಅವಳೇ. ಈಗ ಆ ಹೆಸರು ಹೇಳಿ ನೀರು ಬಿಡುವಾಗ ಯಾರೋ ಅದೇ ಮುಂಗೈ ಹಿಡಿದ ಹಾಗಾಗುತ್ತಿತ್ತು.

ತೊಂಬತ್ತೆಂಟರಲ್ಲಿ ಹಾಸನದ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿತು. ಒಳಗೇನು ನಡೆಯುತ್ತದೆಂದು ಹೆಂಡತಿಗೂ ಹೇಳುವ ಹಾಗಿಲ್ಲದ ಕಚೇರಿ. ಹೊರದೇಶದಲ್ಲಿ ನೆಂಟರಿದ್ದಾರೆಯೇ ಎಂದು ಕೇಳಿದ್ದರು. ಇಲ್ಲ ಎಂದು ಬರೆದ; ಅಕ್ಕ ತೀರಿಕೊಂಡಿದ್ದಾಳೆ ಎಂದೂ ಬರೆದ. ತಿಥಿ ಮಾಡಿದ್ದು ಸುಳ್ಳಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡ. ಆದರೂ ದಿನಾ ಗೇಟಿನಲ್ಲಿ ಗುರುತಿನ ಚೀಟಿ ತೋರಿಸುವಾಗ ಬೆನ್ನ ಹಿಂದೆ ಅವಳು ನಿಂತಿದ್ದಾಳೆ ಅನ್ನಿಸಿ ತಿರುಗಿ ನೋಡುತ್ತಿದ್ದ.

ಎರಡು ಸಾವಿರದ ನಾಲ್ಕರಲ್ಲಿ ಬಡ್ತಿಯ ಮಾತು ಬಂತು. ಮತ್ತೆ ವಿಚಾರಣೆ ಶುರುವಾಯಿತು. ಮಫ್ತಿಯಲ್ಲಿ ಬಂದ ಅಧಿಕಾರಿ ಮೊದಲು ವಿಚಾರಿಸಿದ್ದು ವಸಿಷ್ಠನ ಮನೆಯ ಗದ್ದೆ ಮಾಡುತ್ತಿದ್ದ ಕೆಂಪಣ್ಣನನ್ನು.

"ಗೌರವ್ವಾರಾ? ಸತ್ತಿಲ್ಲ ಕಣ್ ಸಾ. ಐನೋರು ತಿಥಿ ಮಾಡವ್ರೆ, ಅಷ್ಟೆಯಾ," ಅಂದ ಕೆಂಪಣ್ಣ. ಪಾಪ, ಅವನಿಗೆ ಅದರಲ್ಲಿ ಮುಚ್ಚಿಡುವಂಥದ್ದೇನೂ ಕಾಣಲಿಲ್ಲ.

ಅಲ್ಲಿಂದ ಅಧಿಕಾರಿ ನೇರ ಮನೆಗೆ ಬಂದು ವಸಿಷ್ಠನ ಎದುರು ಕೂತರು.

"ನಿಜ ಹೇಳಿ. ನಿಮ್ಮ ಅಕ್ಕ ಇದ್ದಾರೋ, ಇಲ್ಲವೋ?"

ಇದ್ದಾಳೆ ಅಂದರೆ ಅನ್ನ ಹೋಗುತ್ತದೆ. ಇಲ್ಲ ಅನ್ನೋಣವೆಂದರೆ ಅಡುಗೆಮನೆ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ಅಮ್ಮ ನಿಂತಿದ್ದಾರೆ. ವಸಿಷ್ಠ ಅಮ್ಮನ ಕಡೆ ನೋಡಿದ.

"ಇದ್ದಾಳೆ," ಅಂದ. ಹನ್ನೆರಡು ವರ್ಷಗಳಲ್ಲಿ ಆ ಮನೆಯಲ್ಲಿ ಆ ಮಾತು ಕೇಳಿಸಿದ್ದು ಅದೇ ಮೊದಲು.

"ನಮಗೂ ಗೊತ್ತು. ಅವರೀಗ ಆ ದೇಶದ ಪ್ರಜೆ, ಊರಿಗೆ ಬರೋಕೆ ವೀಸಾ ಕೇಳಿದ್ದಾರೆ. ನೆಂಟರು ಯಾರು ಅಂತ ಕೇಳಿದ್ದಕ್ಕೆ, ತಾಯಿ ಇದ್ದಾರೆ, ತಮ್ಮ ಇದ್ದಾನೆ ಅಂತ ನಿಮ್ಮ ಹೆಸರು, ವಿಳಾಸ ಕೊಟ್ಟಿದ್ದಾರೆ." ಅಧಿಕಾರಿ ಎದ್ದರು. "ಅಕ್ಕ ಇರಾನಿನಲ್ಲಿದ್ದಾರೆ ಅಂತ ನೀವೂ ಬರೆದಿದ್ದರೆ ನಾವು ವಿಚಾರಿಸಿ ನೋಡ್ತಿದ್ವಿ. ಕೆಲಸ ಸಿಕ್ಕರೂ ಸಿಗ್ತಿತ್ತು. ಒಡಹುಟ್ಟಿದವಳನ್ನೇ ಸಾಯಿಸಿದವರನ್ನು ನಂಬಿ ಗುಟ್ಟು ಒಪ್ಪಿಸೋದು ಹೇಗೆ ಹೇಳಿ? ನಾಳೆಯಿಂದ ನಿಮ್ಮನ್ನು ಒಳಗೆ ಬಿಡೋದಿಲ್ಲ."

ಅವರು ಹೊಸಿಲು ದಾಟುವಷ್ಟರಲ್ಲಿ ಅಮ್ಮ ಓಡಿಬಂದು ಅಡ್ಡ ನಿಂತರು. "ಸ್ವಾಮೀ, ಮಕ್ಕಳಿವೆಯಾ ಅವಳಿಗೆ?"

"ಇಬ್ಬರು ಹೆಣ್ಣುಮಕ್ಕಳು, ತಾಯಿ," ಅಂದು ಅಧಿಕಾರಿ ಹೊರಟುಹೋದರು.

ವಸಿಷ್ಠ ತಲೆಯೆತ್ತಲಾರದೆ ಕೂತಿದ್ದ. ಅಮ್ಮ ಬಂದು ಅವನ ಮುಂಗೈ ಹಿಡಿದರು. ಅವನು ಬೆಚ್ಚಿಬಿದ್ದ.

"ಕೆಲಸ ಹೋದರೆ ಹೋಗಲಿ ಏಳೋ. ತರ್ಪಣಕ್ಕೆ ಅಂತ ಕರಿ ಎಳ್ಳು ಎತ್ತಿಟ್ಟಿದ್ದೀಯಲ್ಲ, ಅದನ್ನ ತಾ. ಬೆಲ್ಲ ಹಾಕಿ ಚಿಗಳಿ ಕುಟ್ಟಿಡ್ತೀನಿ. ಗೌರಿಗೆ ಚಿಗಳಿ ಅಂದರೆ ಪ್ರಾಣ."

ಅವನು ಎಳ್ಳಿನ ಡಬ್ಬಿ ತಂದು ಅಮ್ಮನ ಮುಂದಿಟ್ಟ. ಮುಚ್ಚಳ ತೆಗೆಯಲು ಮಾತ್ರ ಅವನಿಗೆ ಕೈ ಬರಲಿಲ್ಲ.